ರುಜು ಹಾಕಿದ ಹಿರಿಯರು

1852ರ ಫೆಬ್ರವರಿ 8ರಂದು ಟ್ಯೂರಿನ್ ನಗರದಲ್ಲಿ ಛಾಪಾಕಾಗದದ ಮೇಲೆ ಒಂದು ಕರಾರು ಆಯಿತು. ಕೆಲಸ ಕಲಿಸುವವನು ಬಡಗಿ ಜುಸೆಪ್ಪೆ ಬೆರ್ತೊಲಿನೊ. ಕಲಿಯಲು ಬಂದವನು ಮೊಂಡೋವಿ ಕಡೆಯ ಹುಡುಗ ಜುಸೆಪ್ಪೆ ಒದಾಸ್ಸೊ. ಅವಧಿ ಎರಡು ವರ್ಷ. ಬಡಗಿ ತನ್ನ ಕಸುಬನ್ನು ಮುಚ್ಚಿಡದೆ ಹೇಳಿಕೊಡಬೇಕು. ಹುಡುಗ ತಪ್ಪಿದರೆ ಬಾಯಿಮಾತಿನಲ್ಲಿ ತಿದ್ದಬೇಕೇ ಹೊರತು ಕೈ ಎತ್ತಬಾರದು. ಅವನ ವಯಸ್ಸಿಗೂ ಮೈಬಲಕ್ಕೂ ಮೀರಿದ ಕೆಲಸ ಹೇರಬಾರದು, ಕಸುಬಿಗೆ ಸಂಬಂಧಪಡದ ಚಾಕರಿ ಮಾಡಿಸಬಾರದು. ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು. ಕೂಲಿ ಹಂತಹಂತವಾಗಿ ಏರಬೇಕು. ಹುಡುಗನಿಗೂ ಷರತ್ತುಗಳಿದ್ದವು: ಹೇಳಿದ ಮಾತು ಕೇಳಿ ಶ್ರದ್ಧೆಯಿಂದ ದುಡಿಯಬೇಕು, ತನ್ನ ತಪ್ಪಿನಿಂದ ಏನಾದರೂ ಹಾಳಾದರೆ ತುಂಬಿಕೊಡಬೇಕು. ಈ ಹುಡುಗನ ನಡತೆಗೆ ಹೊಣೆಯಾಗಿ ರುಜು ಹಾಕಿದವರು ಮೂವತ್ತಾರು ವರ್ಷದ ಒಬ್ಬ ಪಾದ್ರಿ. ಹೆಸರು ಜಾನ್ ಬೋಸ್ಕೊ.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಓದಿದವರಿಗೆ 'ಡಾನ್ ಬಾಸ್ಕೊ' ಎಂಬುದು ಶಾಲೆಯ ಹೆಸರಾಗಿ, ಸಭಾಂಗಣದ ಹೆಸರಾಗಿ ಪರಿಚಿತ. 1934ರಲ್ಲಿ ಸಂತ ಪದವಿ ಪಡೆದವರು, ಮಕ್ಕಳನ್ನು ಪ್ರೀತಿಸಿದವರು ಎಂದು ಹಬ್ಬದ ಪ್ರಸಂಗದಲ್ಲಿ ಕೇಳಿರುತ್ತೇವೆ. ಪ್ರೀತಿಯ ಮಾತು ಸರಿಯೇ. ಆದರೆ ಆ ಪ್ರೀತಿ ಛಾಪಾಕಾಗದದವರೆಗೂ ಇಳಿಯಿತು ಎಂಬುದನ್ನು ಪ್ರಸಂಗಗಳು ಅಷ್ಟಾಗಿ ಹೇಳುವುದಿಲ್ಲ. ಈ ಉಪನ್ಯಾಸ ಹಿಡಿಯಹೊರಟಿರುವುದು ಆ ಎಳೆಯನ್ನು. ಕ್ರೈಸ್ತ ಸಮುದಾಯದಲ್ಲಿ ಎಳೆಯರನ್ನು ಬೆಳೆಸುವುದು ಎಂದರೆ ಒಬ್ಬ ಹಿರಿಯ ಅವರ ದಿನದಿನದ ಬದುಕಿಗೆ ಜಾಮೀನು ನಿಲ್ಲುವುದು, ಆಮೇಲೆ ಆದಷ್ಟು ಬೇಗ ಆ ಜಾಮೀನನ್ನು ಅವರ ಕೈಗೇ ಒಪ್ಪಿಸುವುದು.

ಬೋಸ್ಕೊ ಹುಟ್ಟಿದ್ದು 1815ರಲ್ಲಿ, ಕಾಸ್ತೆಲ್‌ನುವೊವೊ ಬಳಿಯ ಬೆಕ್ಕಿ ಎಂಬ ಕೊಪ್ಪಲಿನಲ್ಲಿ. ಎರಡು ವರ್ಷ ತುಂಬುವ ಮುಂಚೆಯೇ ತಂದೆ ತೀರಿಕೊಂಡರು. ತಾಯಿ ಮಾರ್ಗರೀತಾ ಹೊಲದ ದುಡಿಮೆಯಲ್ಲಿ ಮಕ್ಕಳನ್ನು ಸಾಕಿದರು. ಹುಡುಗನಿಗೆ ಓದುವ ಹುಚ್ಚು. 1829ರಲ್ಲಿ ಕಲೊಸ್ಸೊ ಎಂಬ ವೃದ್ಧ ಪಾದ್ರಿ ದಾರಿಯಲ್ಲಿ ಮಾತಾಡಿಸಿ, ಅಂದು ಕೇಳಿದ ಪ್ರಸಂಗವನ್ನು ಹುಡುಗ ಬಾಯಿಪಾಠ ಒಪ್ಪಿಸಿದ್ದು ಕಂಡು, ಲ್ಯಾಟಿನ್ ಹೇಳಿಕೊಡಲು ಕರೆದರು. ಒಂದೇ ವರ್ಷಕ್ಕೆ ಅವರೂ ಹೋಗಿಬಿಟ್ಟರು. ಮುಂದೆ ಕಿಯೇರಿ ಊರಿನಲ್ಲಿ ಶಾಲೆಗೆ ಸೇರಿದವನು ದರ್ಜಿಯ ಬಳಿ ಹೊಲಿದ, ಕಾಫಿ ಅಂಗಡಿಯಲ್ಲಿ ಮಾಣಿಯಾದ, ಚಮ್ಮಾರಿಕೆ ಕಲಿತ. ದೊಂಬರಾಟದ ಕಸರತ್ತು ಮಾಡಿ ಗೆಳೆಯರನ್ನು ಸೇರಿಸಿದ. ಊರ ಪಾದ್ರಿಗಳು ಎದುರಾದಾಗ ಮಕ್ಕಳ ನಮಸ್ಕಾರಕ್ಕೆ ತಲೆಯಾಡಿಸಿ ಸುಮ್ಮನೆ ಹೋಗುತ್ತಿದ್ದುದು ಅವನಿಗೆ ಬಹಳ ನೋವು ತಂದಿತ್ತು. ತಾನು ಪಾದ್ರಿಯಾದರೆ ಹಾಗಿರಬಾರದು ಎಂದು ಆಗಲೇ ಮನಸ್ಸು ಮಾಡಿದ್ದಾಗಿ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ.

1841ರ ಜೂನ್‌ನಲ್ಲಿ ಗುರುದೀಕ್ಷೆಯಾಯಿತು. ಜುಸೆಪ್ಪೆ ಕಫಾಸ್ಸೊ ಎಂಬ ಹಿರಿಯ ಗುರು ಅವರನ್ನು ಟ್ಯೂರಿನ್ನಿಗೆ ಕರೆಸಿಕೊಂಡು ಮೊದಲು ತೋರಿಸಿದ ಸ್ಥಳಗಳಲ್ಲಿ ಒಂದು ಸೆರೆಮನೆ. ಹನ್ನೆರಡರಿಂದ ಹದಿನೆಂಟರ ಹುಡುಗರು, ಗಟ್ಟಿಮುಟ್ಟಾದ ಮೈ, ಚುರುಕು ಕಣ್ಣು. ಹರಕು ಬಟ್ಟೆ, ಹೇನು, ಸಮಯಕ್ಕಿಲ್ಲದ ಊಟ. ಬಿಡುಗಡೆಯಾದವರು ಕೆಲವೇ ದಿನಗಳಲ್ಲಿ ಮತ್ತೆ ಒಳಗೆ ಬರುತ್ತಿದ್ದರು. ಹೊರಗೆ ಅವರಿಗೆ ಯಾರೂ ಇರಲಿಲ್ಲ. ಟ್ಯೂರಿನ್ ಆಗ ಬೆಳೆಯುತ್ತಿದ್ದ ನಗರ. ಹಳ್ಳಿಗಳಿಂದ ಗಾರೆ ಕೆಲಸಕ್ಕೆ, ಕಲ್ಲು ಹೊರಲು, ಹೊಗೆಗೊಳವೆ ಗುಡಿಸಲು ಹುಡುಗರು ಹಿಂಡುಹಿಂಡಾಗಿ ಬರುತ್ತಿದ್ದರು. ಅವರ ಧರ್ಮಕೇಂದ್ರ ಹಳ್ಳಿಯಲ್ಲಿ. ನಗರದ ಧರ್ಮಕೇಂದ್ರದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಇಂದು ಬೀದರ್‌ನಿಂದಲೋ ರಾಯಚೂರಿನಿಂದಲೋ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದ ಹುಡುಗನ ಸ್ಥಿತಿಯೂ ಬಹಳ ಬೇರೆಯಲ್ಲ.

1841ರದೇ ಡಿಸೆಂಬರ್ 8ರ ಪ್ರಸಂಗ, ಬೋಸ್ಕೊ ಮುಂದೆ ಕಟ್ಟಿದ ಸಲೇಸಿಯನ್ ಸಭೆಯವರಿಗೆ ಮನೆಮಾತು. ಬಲಿಪೂಜೆಗೆ ಸಿದ್ಧವಾಗುತ್ತಿದ್ದ ಬೋಸ್ಕೊ, ಪೂಜಾವಸ್ತ್ರಗಳ ಕೋಣೆಗೆ ನುಸುಳಿದ್ದ ಹುಡುಗನೊಬ್ಬನನ್ನು ಚರ್ಚಿನ ಕೆಲಸದವನು ಕೋಲು ಹಿಡಿದು ಅಟ್ಟುವುದನ್ನು ಕಂಡರು. ಪೂಜೆಗೆ ನೆರವಾಗಲು ಬರುವುದಿಲ್ಲ ಎಂದದ್ದೇ ಅವನ ಅಪರಾಧ. ಬೋಸ್ಕೊ ಅವನನ್ನು ವಾಪಸು ಕರೆಸಿ, ಇವನು ನನ್ನ ಸ್ನೇಹಿತ ಎಂದರು. ಹೆಸರು ಬಾರ್ತೊಲೊಮೆಯೊ ಗರೆಲ್ಲಿ, ಊರು ಆಸ್ತಿ ಎಂಬ ಪಟ್ಟಣ, ಕೆಲಸ ಗಾರೆ, ಅಪ್ಪ ಅಮ್ಮ ಇಬ್ಬರೂ ಇಲ್ಲ, ಓದು ಬರಹ ಬಾರದು. ಹಾಡಲು ಬರುತ್ತದೆಯೇ? ಇಲ್ಲ. ಸಿಳ್ಳೆ ಹೊಡೆಯಲು? ಹುಡುಗ ನಕ್ಕ. ಸಿಳ್ಳೆಯ ಮಾತು ಆಮೇಲೆ ಸೇರಿದ್ದಿರಬಹುದು ಎಂದು ಅನುಮಾನಿಸುವವರೂ ಇದ್ದಾರೆ. ಇದ್ದರೂ ಇರಲಿ. ಬಾರದ್ದನ್ನೆಲ್ಲ ಪಟ್ಟಿ ಮಾಡಿಸಿದ ಮೇಲೆ ಬರುವುದೊಂದನ್ನು ಕೇಳಬೇಕೆಂದು ತೋಚುವುದು ಎಲ್ಲ ಉಪದೇಶಿಗಳಿಗೂ ಆಗುವ ಮಾತಲ್ಲ.

ಮುಂದಿನ ನಾಲ್ಕೈದು ವರ್ಷ ಅಲೆದಾಟ. ಭಾನುವಾರ ಸೇರುವ ಹುಡುಗರ ಸಂಖ್ಯೆ ಏರಿದಂತೆ ನೆರೆಹೊರೆಯ ದೂರೂ ಏರಿತು: ಗದ್ದಲ, ಓಡಾಟ, ಕೂಗಾಟ. ಶ್ರೀಮಂತ ಮಹಿಳೆಯೊಬ್ಬರ ಆಶ್ರಮದ ಅಂಗಳ, ಒಂದು ಸ್ಮಶಾನದ ಚರ್ಚು, ಹಿಟ್ಟಿನ ಗಿರಣಿಗಳ ಬಳಿ, ಯಾರದೋ ಬಯಲು. ಎಲ್ಲೂ ನೆಲೆ ನಿಲ್ಲಲಿಲ್ಲ. ಇಷ್ಟು ಹುಡುಗರು ಒಂದೆಡೆ ಸೇರುವುದು ದಂಗೆಗೆ ತಯಾರಿಯಿರಬಹುದೆಂದು ನಗರದ ಅಧಿಕಾರಿ ಮಿಕೆಲೆ ಕವೂರ್‌ಗೆ ಗುಮಾನಿ. ಇವರಿಗೆ ತಲೆಕೆಟ್ಟಿದೆ ಎಂದು ಸಹಪಾದ್ರಿಗಳಿಗೇ ಅನಿಸಿ, ಇಬ್ಬರು ಗಾಡಿ ತಂದು 'ಸ್ವಲ್ಪ ತಿರುಗಾಡಿ ಬರೋಣ' ಎಂದರು. ಬೋಸ್ಕೊ ಹಿರಿಯರಿಗೆ ಮರ್ಯಾದೆಯೆಂಬಂತೆ ಅವರನ್ನೇ ಮೊದಲು ಹತ್ತಿಸಿ, ಬಾಗಿಲು ದಡಕ್ಕನೆ ಮುಚ್ಚಿ, ಹುಚ್ಚಾಸ್ಪತ್ರೆಗೆ ಹೊಡೆ ಎಂದು ಗಾಡಿಯವನಿಗೆ ಹೇಳಿದರಂತೆ. ಆಸ್ಪತ್ರೆಯಲ್ಲಿ ಇಬ್ಬರಿಗೂ ತಾವು ಸ್ವಸ್ಥರೆಂದು ಸಾಬೀತು ಮಾಡಲು ಸಾಕುಸಾಕಾಯಿತು. 1846ರ ಏಪ್ರಿಲ್ 12ರ ಈಸ್ಟರ್ ಭಾನುವಾರ, ಟ್ಯೂರಿನ್ನಿನ ವಾಲ್ದೊಕ್ಕೊದಲ್ಲಿ ಪಿನಾರ್ದಿ ಎಂಬುವನಿಂದ ಬಾಡಿಗೆಗೆ ಪಡೆದ ಜೋಪಡಿಯಲ್ಲಿ ಕೊನೆಗೂ ನೆಲೆ ಸಿಕ್ಕಿತು. ಆ ನವೆಂಬರ್‌ನಲ್ಲಿ ತಾಯಿ ಮಾರ್ಗರೀತಾ ಹಳ್ಳಿ ಬಿಟ್ಟು ಬಂದು ಹುಡುಗರಿಗೆ ಅಡುಗೆ ಮಾಡಿ, ಬಟ್ಟೆ ಒಗೆದು, ಹರಿದದ್ದು ಹೊಲಿಯತೊಡಗಿದರು. ಆ ಕೆಲಸದಲ್ಲೇ ಹತ್ತು ವರ್ಷ ಕಳೆದು 1856ರಲ್ಲಿ ತೀರಿಕೊಂಡರು. ಯುವಜನ ಸೇವೆಯ ಚರಿತ್ರೆ ಬರೆಯುವವರು ಈ ಹೆಂಗಸಿನ ಪಾತ್ರೆ, ಸೂಜಿ, ಸಾಬೂನಿಗೆ ಕೊಡುವ ಜಾಗ ಇನ್ನೂ ಕಡಿಮೆಯೇ.

ಹಗಲು ದುಡಿಯುವ ಹುಡುಗರಿಗೆ ರಾತ್ರಿ ಶಾಲೆ ಶುರುವಾಯಿತು. ಆದರೆ ಶಾಲೆ ಮುಗಿಸಿ ಬೆಳಿಗ್ಗೆ ಹೋಗುತ್ತಿದ್ದುದು ಅದೇ ಹೊಡೆಯುವ ಮೇಸ್ತ್ರಿಯ ಬಳಿಗೆ. ಬೋಸ್ಕೊ ವಾರದ ದಿನಗಳಲ್ಲಿ ಕಟ್ಟಡದ ಕೆಲಸ ನಡೆಯುವಲ್ಲಿಗೆ, ಕಾರ್ಖಾನೆಗಳಿಗೆ ಹೋಗಿ ಹುಡುಗರನ್ನು ಮಾತಾಡಿಸುತ್ತಿದ್ದರು. ಮಾಲೀಕರ ಪರಿಚಯವೂ ಆಗುತ್ತಿತ್ತು. ಕರಾರುಗಳು ಹುಟ್ಟಿದ್ದು ಈ ಓಡಾಟದಿಂದ. ಹೊರಗಿನ ಅಂಗಡಿಗಳ ವಾತಾವರಣ ಇನ್ನೂ ಒಗ್ಗದಾದಾಗ ತಮ್ಮ ಅಂಗಳದಲ್ಲೇ ಕಾರ್ಯಾಗಾರ ತೆರೆದರು. 1853ರಲ್ಲಿ ಚಪ್ಪಲಿ ಮತ್ತು ಹೊಲಿಗೆ, ಆಮೇಲೆ ಪುಸ್ತಕದ ಬೈಂಡಿಂಗ್, 1856ರಲ್ಲಿ ಬಡಗಿ ಕೆಲಸ, 1860ರ ದಶಕದ ಆರಂಭದಲ್ಲಿ ಮುದ್ರಣ ಮತ್ತು ಕಮ್ಮಾರಿಕೆ. ಚಪ್ಪಲಿ ಹೊಲಿಯುವುದನ್ನೂ ಬಟ್ಟೆ ಹೊಲಿಯುವುದನ್ನೂ ಪಾದ್ರಿಯೇ ಕೂತು ತೋರಿಸಿಕೊಡಬಲ್ಲವರಾಗಿದ್ದರು. ಕಿಯೇರಿಯಲ್ಲಿ ಹೊಟ್ಟೆಪಾಡಿಗೆ ಕಲಿತದ್ದು ಇಲ್ಲಿ ಪಾಠವಾಯಿತು.

ಇದಿಷ್ಟೇ ಆಗಿದ್ದರೆ ಬೋಸ್ಕೊ ಒಬ್ಬ ಒಳ್ಳೆಯ ಅನಾಥಾಲಯದ ಮುಖ್ಯಸ್ಥರಾಗಿ ಉಳಿಯುತ್ತಿದ್ದರು. ಅವರ ಹೆಚ್ಚುಗಾರಿಕೆ ಇನ್ನೊಂದು ಕಡೆ ಇದೆ. 1854ರ ಬೇಸಿಗೆಯಲ್ಲಿ ಟ್ಯೂರಿನ್‌ಗೆ ಕಾಲರಾ ಬಂತು. ರೋಗಿಗಳನ್ನು ಮುಟ್ಟಲು ಜನ ಹೆದರುತ್ತಿದ್ದಾಗ ಅವರ ಹುಡುಗರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಶುಶ್ರೂಷೆಗೆ ಹೆಸರು ಕೊಟ್ಟರು. ಹೊದಿಸಲು ಬಟ್ಟೆ ಸಾಲದೆ ಬಂದಾಗ ಮಾರ್ಗರೀತಾ ಮೇಜಿನ ವಸ್ತ್ರದವರೆಗೂ ಕೊಟ್ಟು ಕಳಿಸಿದರು. ಹುಡುಗರಲ್ಲಿ ಒಬ್ಬನಿಗೂ ರೋಗ ತಗುಲಲಿಲ್ಲ ಎನ್ನುವುದನ್ನು ಭಕ್ತರು ಪವಾಡವೆಂದು ನೆನೆಯುತ್ತಾರೆ. ಕೈ ತೊಳೆಯಲು ವಿನೆಗರ್ ಇಟ್ಟುಕೊಳ್ಳಬೇಕೆಂದು ಬೋಸ್ಕೊ ಕಟ್ಟುನಿಟ್ಟು ಮಾಡಿದ್ದನ್ನೂ ನೆನೆಯಬೇಕು. ನಿನ್ನೆಯವರೆಗೆ ಊರಿಗೆ ಪೀಡೆಯೆನಿಸಿದ್ದ ಹುಡುಗರ ಕಡೆ ಟ್ಯೂರಿನ್ ನೋಡುವ ನೋಟ ಆ ಬೇಸಿಗೆಯಲ್ಲಿ ಬದಲಾಯಿತು.

ಎರಡು ವರ್ಷ ಕಳೆದು, 1856ರಲ್ಲಿ, ಡೊಮಿನಿಕ್ ಸಾವಿಯೊ ಎಂಬ ಹದಿನಾಲ್ಕರ ಹುಡುಗ ಗೆಳೆಯರ ಜೊತೆ ಒಂದು ಸಂಘ ಕಟ್ಟಿದ. ಮರಿಯಮ್ಮನವರ ಹೆಸರಿನ ಭಕ್ತಿಸಂಘ ಹೌದು, ಆದರೆ ಅದರ ಕೆಲಸ ತುಂಬಾ ನೆಲಮಟ್ಟದ್ದು. ಹೊಸದಾಗಿ ಬಂದವರಲ್ಲಿ, ಹೊಂದಿಕೊಳ್ಳದವರಲ್ಲಿ ಒಬ್ಬೊಬ್ಬರನ್ನು ಒಬ್ಬೊಬ್ಬ ಸದಸ್ಯ ಗೊತ್ತುಮಾಡಿಕೊಂಡು ಜೊತೆಯಲ್ಲಿರಬೇಕು. ಮರುವರ್ಷ ಕರ್ಮಾಞೋಲಾ ರೈಲು ನಿಲ್ದಾಣದಲ್ಲಿ ಪುಂಡರ ಗುಂಪಿನ ನಾಯಕನಂತಿದ್ದ ಮಿಕೆಲೆ ಮಗೋನೆ ಬೋಸ್ಕೊ ಕಣ್ಣಿಗೆ ಬಿದ್ದ. ವಾಲ್ದೊಕ್ಕೊಗೆ ಬಂದ ಮೇಲೆ ಅವನ ಬೆನ್ನಿಗೆ ಒಬ್ಬ ಹಿರಿಯ ಹುಡುಗನನ್ನು ಬಿಟ್ಟರು. ಕೆಟ್ಟ ಮಾತು ಬಂದಾಗ ಕಿವಿಯಲ್ಲಿ ಹೇಳುವುದು, ಆಟದಲ್ಲಿ ಜೊತೆಗೂಡುವುದು, ದೂರು ಒಯ್ಯದಿರುವುದು ಅವನ ಕೆಲಸ. ಇವತ್ತು ಕಾಲೇಜುಗಳು ದುಡ್ಡು ಕೊಟ್ಟು ನಡೆಸುವ ಮೆಂಟರಿಂಗ್ ಕಾರ್ಯಕ್ರಮಗಳಲ್ಲಿ ಇದಕ್ಕಿಂತ ಚೊಕ್ಕವಾದ ಕ್ರಮ ಕಾಣುವುದು ಅಪರೂಪ. ಸಾವಿಯೊ ಹದಿನೈದು ತುಂಬುವ ಮೊದಲೇ ತೀರಿಕೊಂಡ, ಮಗೋನೆ ಹದಿಮೂರಕ್ಕೆ. ಬೋಸ್ಕೊ ಇಬ್ಬರ ಚರಿತ್ರೆಯನ್ನೂ ಬರೆದು ಅಚ್ಚು ಹಾಕಿಸಿದರು. ರಾಜರ, ಸಂತರ ಚರಿತ್ರೆ ಓದುತ್ತಿದ್ದ ಕಾಲದಲ್ಲಿ ರೈಲು ನಿಲ್ದಾಣದ ಪುಂಡನ ಚರಿತ್ರೆ.

1859ರ ಡಿಸೆಂಬರ್ 18ರ ರಾತ್ರಿ ಬೋಸ್ಕೊ ಅವರ ಕೋಣೆಯಲ್ಲಿ ಸಲೇಸಿಯನ್ ಸಭೆ ಹುಟ್ಟಿತು. ಸೇರಿದ್ದವರು 18 ಮಂದಿ. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು, ಅವರ ಅಂಗಳದಲ್ಲೇ ಆಡಿ ಬೆಳೆದವರು. ಆತ್ಮಿಕ ನಿರ್ದೇಶಕನಾಗಿ ಆರಿಸಿದ್ದು 22 ವರ್ಷದ ಮೈಕೆಲ್ ರೂವಾನನ್ನು. ಮುಂದೆ 1888ರಲ್ಲಿ ಬೋಸ್ಕೊ ತೀರಿಕೊಂಡಾಗ ಉತ್ತರಾಧಿಕಾರಿಯಾದವರೂ ಅವರೇ. ಇನ್ನೊಬ್ಬ ಹುಡುಗ ಜೊವಾನ್ನಿ ಕಲ್ಯೆರೊ 1875ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೊರಟ ಮೊದಲ ತಂಡದ ಮುಖ್ಯಸ್ಥನಾಗಿ, ಕೊನೆಗೆ ಕಾರ್ಡಿನಲ್ ಆದ.

ಇಲ್ಲಿ ಒಂದು ಗಳಿಗೆ ನಿಂತು ನಮ್ಮ ಕಡೆ ನೋಡಬಹುದು. ಕರಾವಳಿಯ ಧರ್ಮಕೇಂದ್ರಗಳಲ್ಲಿ ವಾಳೆಗೊಬ್ಬ, ಅಂದರೆ ವಾರ್ಡಿಗೊಬ್ಬ, ಗುರ್ಕಾರರೆಂಬ ಮುಖಂಡರಿದ್ದಾರೆ, ಪಾಲನಾ ಪರಿಷತ್ತಿದೆ, ಯುವಜನರ ಸಂಘಗಳಿವೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಭಾನುವಾರದ ಶಾಲೆಯಿದೆ, ಯೂತ್ ಫೆಲೋಶಿಪ್ ಇದೆ. ಹಬ್ಬಕ್ಕೆ ಪೆಂಡಾಲು ಕಟ್ಟಲು, ಕ್ರಿಸ್ಮಸ್‌ಗೆ ಗೋದಲಿ ಮಾಡಲು, ಕ್ಯಾರೊಲ್ ಹಾಡುತ್ತಾ ಮನೆಮನೆಗೆ ಹೋಗಲು, ಊಟ ಬಡಿಸಲು, ಪ್ರೊಜೆಕ್ಟರ್ ಕೈಕೊಟ್ಟಾಗ ಓಡಿಬರಲು ಹುಡುಗ ಹುಡುಗಿಯರು ಬೇಕೇಬೇಕು. ಲೆಕ್ಕಪತ್ರ ಮಂಡಿಸುವ ದಿನ ಅವರು ಹಿಂದಿನ ಬೆಂಚಿನಲ್ಲಿ. ರ್‍ಯಾಂಕ್ ಬಂದವರಿಗೆ ವಾರ್ಷಿಕೋತ್ಸವದಲ್ಲಿ ಶಾಲು, ಸ್ಮರಣಿಕೆ. ಎರಡು ವಿಷಯದಲ್ಲಿ ಫೇಲಾದವನಿಗೆ ಏನು ಎಂದು ಕೇಳಿದರೆ ವೇದಿಕೆಯಲ್ಲಿ ಉತ್ತರವಿಲ್ಲ. ಎಲ್ಲ ಕಡೆಯೂ ಹೀಗೆಯೇ ಎಂದರೆ ಅನ್ಯಾಯವಾದೀತು. ಆದರೆ 22ರ ಹುಡುಗನಿಗೆ ಖಜಾಂಚಿಯ ಬೀಗದ ಕೈ ಕೊಟ್ಟ ಸಭೆಗಳನ್ನು ಬೆರಳಲ್ಲಿ ಎಣಿಸಬೇಕು.

ಬೋಸ್ಕೊ ಕಟ್ಟಿದ ಮನೆಗೂ ಕಾಲದ ಹೊಡೆತ ತಪ್ಪಲಿಲ್ಲ, ಮತ್ತು ಅದನ್ನು ಎಲ್ಲರಿಗಿಂತ ಮೊದಲು ಹೇಳಿದವರು ಅವರೇ. 1884ರ ಮೇ 10ರಂದು ರೋಮ್‌ನಿಂದ ಅವರು ಟ್ಯೂರಿನ್ನಿನ ಮನೆಗೆ ಒಂದು ಪತ್ರ ಕಳಿಸಿದರು. ಕನಸೊಂದರ ರೂಪದಲ್ಲಿರುವ ಈ ಪತ್ರದಲ್ಲಿ ಹಳೆಯ ವಿದ್ಯಾರ್ಥಿಗಳಿಬ್ಬರು ಬಂದು ಎರಡು ಆಟದ ಬಯಲುಗಳನ್ನು ತೋರಿಸುತ್ತಾರೆ. ಹಿಂದಿನದರಲ್ಲಿ ಓಟ, ಹಾಡು, ಕತೆ. ಗುರುಗಳು ಹುಡುಗರ ನಡುವೆ. ಈಗಿನದರಲ್ಲಿ ಗೋಡೆಗೆ ಒರಗಿದ ಬೇಸರದ ಮುಖಗಳು. ಗುರುಗಳು ತಮ್ಮತಮ್ಮಲ್ಲೇ ಮಾತಾಡುತ್ತಿದ್ದಾರೆ, ಇಲ್ಲವೇ ದೂರ ನಿಂತು ಕಾವಲು ಕಾಯುತ್ತಿದ್ದಾರೆ. ಹುಡುಗರನ್ನು ಪ್ರೀತಿಸಿದರೆ ಸಾಲದು, ಆ ಪ್ರೀತಿ ಹುಡುಗರಿಗೆ ಗೊತ್ತಾಗುವಂತಿರಬೇಕು ಎಂಬುದು ಪತ್ರದ ತಿರುಳು. ಪತ್ರ ಬರೆದವರಿಗೆ ಆಗ 68 ವರ್ಷ, ಹೆಸರು ಹಲವು ದೇಶಗಳಲ್ಲಿ ಹಬ್ಬಿತ್ತು. ತಮ್ಮ ಯಶಸ್ವಿ ಸಂಸ್ಥೆಯ ಮೇಲೆ ತಾವೇ ಇಂಥ ವರದಿ ಬರೆಯುವ ಸ್ಥಾಪಕರು ಕಡಿಮೆ. ದಾಖಲಾತಿ ಹೆಚ್ಚಿದಂತೆ ಗುರು ಆಡಳಿತಗಾರನಾಗುತ್ತಾನೆ. ಸಹಿ ಹಾಕುವ ಕಾಗದಗಳು ಹೆಚ್ಚುತ್ತವೆ, ಆದರೆ ಅವು ಕಟ್ಟಡದ ಬಿಲ್ಲುಗಳು.

ಸಲೇಸಿಯನ್ನರು 1906ರಲ್ಲಿ ತಂಜಾವೂರಿಗೆ ಬಂದರು. ಕನ್ನಡಿಗರಿಗೆ ಹತ್ತಿರದ ಬೆಳವಣಿಗೆ 1980ರದು. ಬೆಂಗಳೂರಿನಲ್ಲಿ ದೈವಶಾಸ್ತ್ರ ಓದುತ್ತಿದ್ದ ಸಲೇಸಿಯನ್ ವಿದ್ಯಾರ್ಥಿಗಳು ತರಗತಿ ಮುಗಿಸಿ ಬೀದಿಗಿಳಿದು, ಚಿಂದಿ ಆಯುವ, ರೈಲು ನಿಲ್ದಾಣದಲ್ಲಿ ಮಲಗುವ ಹುಡುಗರ ಸ್ನೇಹ ಮಾಡಲು ಶುರುಮಾಡಿದರು. ಅದರಿಂದ ಹುಟ್ಟಿದ ಸಂಸ್ಥೆಗೆ ಇಟ್ಟ ಹೆಸರು ಕನ್ನಡದ್ದು: ಬೆಂಗಳೂರು ಓಣಿಯವರ ಸೇವಾ ಕೂಟ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಬಾಸ್ಕೊ'. ಮನೆ ಬಿಟ್ಟು ಬಂದ ಮಗು ರೈಲಿಳಿದಾಗ ದಲ್ಲಾಳಿಗಿಂತ ಮೊದಲು ಒಬ್ಬ ಸ್ನೇಹಿತ ಸಿಗಬೇಕು ಎಂಬುದು ಅಲ್ಲಿನ ಕೆಲಸದ ಮೊದಲ ಸೂತ್ರ. ಆ ಮಗುವಿನ ಜಾತಿ ಧರ್ಮ ಯಾವುದು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಟ್ಯೂರಿನ್ನಿನ ಗುರುವೂ ಹುಡುಗನೂ ಒಂದೇ ನಾಡಿನವರು. ಗುರು ಸಮುದ್ರದಾಚೆಯವನಾಗಿ, ಆಳುವವರ ಬಣ್ಣದವನಾದಾಗ ಏನಾಗುತ್ತದೆ? 1910ರಲ್ಲಿ ಎಡಿನ್‌ಬರೋದ ಮಿಷನ್ ಸಮ್ಮೇಳನದಲ್ಲಿ, ವೈಎಂಸಿಎಯಲ್ಲಿ ಪಳಗಿದ್ದ ತಿರುನೆಲ್ವೇಲಿ ಕಡೆಯ ವಿ. ಎಸ್. ಅಜರಯ್ಯ ಈ ಪ್ರಶ್ನೆಗೆ ನೇರವಾಗಿ ಕೈ ಹಾಕಿದರು. ಮಿಷನರಿಗಳು ಭಾರತೀಯರಿಗಾಗಿ ಆಸ್ತಿ ಕೊಟ್ಟಿದ್ದಾರೆ, ಪ್ರಾಣವನ್ನೂ ಕೊಟ್ಟಿದ್ದಾರೆ, ನಮಗೆ ಬೇಕಾಗಿರುವುದು ಸ್ನೇಹ ಎಂಬ ಅರ್ಥದ ಮಾತಾಡಿದಾಗ ಸಭೆಯಲ್ಲಿ ಅಸಮಾಧಾನವೆದ್ದಿತು. ಎರಡು ವರ್ಷದಲ್ಲಿ, ಅಂದರೆ 1912ರಲ್ಲಿ, ಅಜರಯ್ಯ ದೋರ್ನಕಲ್‌ನ ಬಿಷಪ್ ಆದರು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯ. ಕರುಣೆ ತೋರುವವನು ಕೈ ಮೇಲಿಟ್ಟುಕೊಂಡೇ ಇರಬಲ್ಲ. ಸ್ನೇಹಕ್ಕೆ ಆ ಅನುಕೂಲವಿಲ್ಲ.

ಮಂಗಳೂರಿನ ಬಲ್ಮಠದಲ್ಲಿ ಈ ಪ್ರಶ್ನೆ ಅದಕ್ಕೂ ಅರವತ್ತು ಎಪ್ಪತ್ತು ವರ್ಷ ಮೊದಲೇ ಮಾಂಸರಕ್ತ ತುಂಬಿಕೊಂಡು ನಿಂತಿತ್ತು. 1836ರಲ್ಲಿ ಬಂದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರನ್ನು ಕನ್ನಡಿಗರು 1843ರ 'ಮಂಗಳೂರ ಸಮಾಚಾರ' ಪತ್ರಿಕೆಗಾಗಿ ನೆನೆಯುತ್ತಾರೆ. ಅವರ ದಿನಗಳು ಕಳೆದದ್ದು ಮುಖ್ಯವಾಗಿ ಹುಡುಗರ ಜೊತೆ. ಶಿಷ್ಯರ, ಸಹೋದ್ಯೋಗಿ ವೈಗ್ಲೆಯ ನೆರವಿನಿಂದ ಸುಮಾರು 3,000 ಕನ್ನಡ ಗಾದೆಗಳನ್ನು ಕೂಡಿಹಾಕಿದರು. ಗಾದೆಯ ವಿಷಯದಲ್ಲಿ ಜರ್ಮನಿಯ ಗುರುವಿಗಿಂತ ಕರಾವಳಿಯ ಹುಡುಗ ಬಲ್ಲವ. ಗುರು ಕೇಳುವವನಾಗಿ, ಶಿಷ್ಯ ಹೇಳುವವನಾಗುವ ಇಂಥ ಸಂದರ್ಭಗಳನ್ನು ಮೋಗ್ಲಿಂಗ್ ಹುಡುಕಿಕೊಂಡು ಹೋದರು.

1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದ. ವಯಸ್ಸು ಇನ್ನೂ ಇಪ್ಪತ್ತು ದಾಟಿರಲಿಲ್ಲ. ಗುರುವಿನ ಹೆಸರನ್ನೇ ಸೇರಿಸಿಕೊಂಡು ಹರ್ಮನ್ ಆನಂದರಾವ್ ಆದ. ಪೇಟೆಯಲ್ಲಿ ಗದ್ದಲವೆದ್ದಿತು, ಮನೆ, ಜಾತಿ, ಬಂಧುಬಳಗ ಒಂದೇ ದಿನದಲ್ಲಿ ಹೊರಗಾದವು. ಮೋಗ್ಲಿಂಗ್ ಅವನನ್ನು 1846ರಲ್ಲಿ ಬಾಸೆಲ್‌ಗೆ ಕರೆದೊಯ್ದು ಓದಿಸಿದರು. 1851ರಲ್ಲಿ ಕೌಂಡಿನ್ಯ ಮಿಷನರಿಯಾಗಿಯೇ ಮರಳಿದರು, ಮುಂದೆ ಬಲ್ಮಠದಲ್ಲಿ ಪಾಠ ಹೇಳಿದರು, 1860ರಲ್ಲಿ ಜರ್ಮನಿಯ ಮರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಕೊಡಗಿನಲ್ಲಿ ಹೊಲೆಯ ಸಮುದಾಯದಿಂದ ಬಂದ ಕುಟುಂಬಗಳಿಗಾಗಿ ಎದ್ದ ಊರಿಗೆ ಬಂದ ಹೆಸರು ಆನಂದಪುರ. ಆ ಕಾಲದಲ್ಲಿ ಶಿಷ್ಯನನ್ನು ತನಗೆ ಸಮನಾದ ಹುದ್ದೆಗೆ ತರುವುದು ಸಣ್ಣ ಮಾತಾಗಿರಲಿಲ್ಲ. ಆದರೂ ಲೆಕ್ಕದ ಇನ್ನೊಂದು ಬದಿಯನ್ನು ಮುಚ್ಚಿಡುವಂತಿಲ್ಲ: ಆನಂದರಾವ್ ಕಳೆದುಕೊಂಡದ್ದನ್ನು ಯಾವ ಗುರುವೂ ತುಂಬಿಕೊಡಲಾರ.

ಕಳೆದುಕೊಂಡವರು ಅವರೊಬ್ಬರೇ ಅಲ್ಲ. ಸಭೆಗೆ ಸೇರಿದವರಿಗೆ ಕುಲಕಸುಬು ತಪ್ಪಿತು, ಒಕ್ಕಲುತನ ತಪ್ಪಿತು. ಪ್ರಾರ್ಥನೆಯಿಂದ ಹೊಟ್ಟೆ ತುಂಬುವುದಿಲ್ಲವೆಂದು ಮಿಷನ್ನಿಗೆ ಬೇಗ ಗೊತ್ತಾಯಿತು. 1841ರಲ್ಲಿ ಮುದ್ರಣಾಲಯ, ಆಮೇಲೆ ನೇಯ್ಗೆ, 1865ರಲ್ಲಿ ಮಿಷನ್ನಿನವರೇ ಆದ ಪ್ಲೆಬ್ಸ್ಟ್ ಅವರ ಹೆಂಚಿನ ಕಾರ್ಖಾನೆ. ಮಂಗಳೂರು ಹೆಂಚಿನ ಹಿಂದೆ ಒಂದು ತಲೆಮಾರಿನ ಯುವಕ ಯುವತಿಯರಿಗೆ ಕೆಲಸ ಹುಡುಕಿಕೊಡಬೇಕಾದ ಒತ್ತಾಯವಿತ್ತು. ಕೆಲಸ ಕೊಟ್ಟ ಸಭೆಯೇ ಮಾಲೀಕನೂ ಆದಾಗ ಬಾಯಿ ಬಿಡುವುದು ಕಷ್ಟ ಎಂಬ ತೊಡಕೂ ಅದರ ಜೊತೆಗೇ ಬಂತು.

ಇದೇ ಬಲ್ಮಠದಲ್ಲಿ ದೈವಶಾಸ್ತ್ರ ಓದಿ ಸಭಾಪಾಲಕರಾದವರು ಧಾರವಾಡದ ಚನ್ನಪ್ಪ ಉತ್ತಂಗಿ. ಹುಟ್ಟಿದ್ದು 1881ರಲ್ಲಿ, ಕ್ರೈಸ್ತ ಮನೆತನದಲ್ಲಿ. ಮಿಷನ್ ಅವರಿಂದ ನಿರೀಕ್ಷಿಸಿದ್ದು ಪ್ರಸಂಗ ಮತ್ತು ಸಭೆಯ ಪಾಲನೆ. ಅದನ್ನು ಮಾಡುತ್ತಲೇ ಅವರು ಹಳ್ಳಿಹಳ್ಳಿ ಅಲೆದು, ತಾಳೆಗರಿ ಕಾಗದಗಳನ್ನು ತಡಕಿ, ಜನರ ಬಾಯಿಂದ ಕೇಳಿ, ಸರ್ವಜ್ಞನ ತ್ರಿಪದಿಗಳನ್ನು ಒಟ್ಟುಮಾಡಿದರು. 1924ರಲ್ಲಿ 'ಸರ್ವಜ್ಞನ ವಚನಗಳು' ಹೊರಬಂತು. ಶರಣರ ವಚನಗಳನ್ನು ಶ್ರದ್ಧೆಯಿಂದ ಓದಿದರು, ಬರೆದರು. ಕ್ರಿಸ್ತನನ್ನು ಹಿಂದೂ ನೆರೆಯವನ ಮನೆಯ ಭಾಷೆಯಲ್ಲಿ ವಿವರಿಸಲು ಹೊರಟ ಅವರ ಪುಸ್ತಕಗಳು ಪಡಿಯಚ್ಚಿನ ಮಿಷನರಿ ಬರಹಗಳಾಗಿರಲಿಲ್ಲ. ಶಿಷ್ಯ ತನ್ನ ದಾರಿ ಹಿಡಿದಾಗ ಸಭೆ ಅವನನ್ನು ಎಷ್ಟು ದೂರದವರೆಗೆ ತನ್ನವನೆಂದು ಒಪ್ಪುತ್ತದೆ ಎಂಬ ಪ್ರಶ್ನೆ ಉತ್ತಂಗಿಯವರ ಬದುಕಿನುದ್ದಕ್ಕೂ ಇತ್ತು. ಯುವಜನ ಸಂಘಗಳ ಕೈಪಿಡಿಗಳಲ್ಲಿ ಇಂದಿಗೂ ಅದಕ್ಕೆ ಒಂದು ಅಧ್ಯಾಯವಿಲ್ಲ. ಕನ್ನಡಿಗರು ಮಾತ್ರ ಹೆಚ್ಚು ತಡಮಾಡಲಿಲ್ಲ: 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು ಅಧ್ಯಕ್ಷರಾಗಿ ಕರೆದು ಕೂರಿಸಿದರು.